ಇಂಟರ್‌ವಲ್ ಹರಟೆ: ಹೀರೋ ದವಡೆಗೆ ಬಿದ್ದ ಕುರ್ಚಿ ಏಟು!

ಫೈಟ್ ಸೀನು ಅಂದ್ರೆ ನಮಗೆಲ್ಲ ಒಂದೇ ಲೆಕ್ಕ. ಢಿಶುಂ ಅಂತ ಸದ್ದು ಬರಬೇಕು, ವಿಲನ್ ಕಡೆಯವನು ಹೋಗಿ ತರಕಾರಿ ಗಾಡಿ ಮೇಲೆ ಬೀಳಬೇಕು, ನಾವು ಸೀಟಿನಿಂದ ಎದ್ದು ಶಿಳ್ಳೆ ಹಾಕಬೇಕು. ಹೀರೋಗೆ ಏಟು ಬಿದ್ದರೂ ತುಟಿ ಕೊನೇಲಿ ಒಂದು ಚೂರು ಕೆಂಪು ಬಣ್ಣ, ಅಷ್ಟೇ. ಅದನ್ನ ಹೆಬ್ಬೆರಳಲ್ಲಿ ಒರೆಸಿಕೊಂಡು ಒಂದು ಲುಕ್ ಕೊಟ್ಟರೆ ಮುಗೀತು... ಮುಂದಿನ ಹಾಡಿನ ಹೊತ್ತಿಗೆ ಎಲ್ಲಾ ವಾಸಿ!

ಏಟು ನಿಜವಾಗಿ ಬಿದ್ದರೆ ಏನಾಗುತ್ತೆ ಅನ್ನೋದನ್ನ ನಮ್ಮ ಬೆಂಗಳೂರು ಒಂದು ಸಲ ಕಣ್ಣಾರೆ ಕಂಡಿದೆ. 1982ರ ಜುಲೈ 26. ‘ಕೂಲಿ’ ಹಿಂದಿ ಚಿತ್ರದ ಶೂಟಿಂಗು. ಪುನೀತ್ ಇಸ್ಸಾರ್ ಜೊತೆಗಿನ ಹೊಡೆದಾಟದಲ್ಲಿ ಒಂದೇ ಒಂದು ಕ್ಷಣ ಲೆಕ್ಕ ತಪ್ಪಿ ಅಮಿತಾಬ್ ಬಚ್ಚನ್ ಹೊಟ್ಟೆಗೆ ಪೆಟ್ಟಾಯಿತು. ಮುಂದಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ, ಇಡೀ ದೇಶ ದೇವರಿಗೆ ಹರಕೆ ಹೊತ್ತಿತ್ತು.

ಅದಾದ ಎರಡು ವರ್ಷಕ್ಕೆ, ಅಂದ್ರೆ 1984ರಲ್ಲಿ, ಅತ್ತ ಹಾಲಿವುಡ್‌ನಲ್ಲೂ ಒಬ್ಬ ದೊಡ್ಡ ಹೀರೋಗೆ ಇಂಥದ್ದೇ ಒಂದು ಏಟು ಬಿತ್ತು. ಅದರ ಕಥೆ ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಹೊಟ್ಟೆಗಲ್ಲ, ದವಡೆಗೆ. ಜೀವಕ್ಕೆ ಅಪಾಯ ಆಗಲಿಲ್ಲ. ಆದರೆ ಜೀವನ ಅರ್ಧ ಮುಗಿದ ಹಾಗಾಯಿತು.

ಹೆಸರು ಬರ್ಟ್ ರೆನಾಲ್ಡ್ಸ್. ಇಂಗ್ಲಿಷ್ ಪಿಕ್ಚರ್ ಹುಚ್ಚಿರುವವರಿಗೆ ಆ ದಪ್ಪ ಮೀಸೆ, ಆ ತುಂಟ ನಗು ನೆನಪಿರುತ್ತದೆ. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಆಳು. ತಮ್ಮ ಸ್ಟಂಟುಗಳನ್ನ ಆದಷ್ಟೂ ತಾವೇ ಮಾಡುತ್ತಿದ್ದರು. 1972ರ ‘ಡೆಲಿವರೆನ್ಸ್’ ಅವರನ್ನ ಸ್ಟಾರ್ ಮಾಡಿತು, 1977ರ ‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’ ದುಡ್ಡಿನ ಮಳೆ ಸುರಿಸಿತು. 1978ರಿಂದ 1982ರವರೆಗೆ ಸತತ ಐದು ವರ್ಷ ಅಮೆರಿಕದ ಥಿಯೇಟರ್ ಮಾಲೀಕರ ಲೆಕ್ಕದಲ್ಲಿ ನಂಬರ್ ಒನ್ ಸ್ಟಾರ್ ಇವರೇ! ಅಂಥವರು ಕ್ಲಿಂಟ್ ಈಸ್ಟ್‌ವುಡ್ ಜೊತೆ ‘ಸಿಟಿ ಹೀಟ್’ ಅನ್ನೋ ಚಿತ್ರ ಒಪ್ಪಿಕೊಂಡರು. ಇಬ್ಬರು ಗಂಡುಗಲಿಗಳು ಒಂದೇ ತೆರೆ ಮೇಲೆ. ಇನ್ನೇನು ಬೇಕು?

ಅದರಲ್ಲೊಂದು ಫೈಟು. ಮುಖಕ್ಕೆ ಕುರ್ಚಿಯಲ್ಲಿ ಹೊಡೆಯಬೇಕು. ಇಂಥ ಸೀನಿಗೆ ತಾಗಿದ ಕೂಡಲೇ ಪುಡಿಯಾಗುವ ಡೂಪ್ಲಿಕೇಟ್ ಕುರ್ಚಿ ಮಾಡಿಸಿಡುತ್ತಾರೆ, ನಿಮಗೆ ಗೊತ್ತು. ಅವತ್ತು ಹೊಡೆಯುವವನ ಕೈಗೆ ಬಂದದ್ದು ಅಸಲಿ ಲೋಹದ ಕುರ್ಚಿ. ದವಡೆ ಮುರಿಯಿತು. ಕಿವಿಯ ಮುಂದಿನ ದವಡೆ ಕೀಲು ಹಾಳಾಯಿತು.

ಮುರಿದದ್ದು ಕೂಡಿಕೊಂಡರೆ ಮುಗೀತಲ್ಲ ಅಂತೀರಾ? ಅಲ್ಲೇ ಇರೋದು ತಮಾಷೆ... ತಮಾಷೆ ಅಲ್ಲ, ಗೋಳು. ಅಗಿಯೋಕೆ ಆಗದೆ ಬರೀ ನೀರುನೀರಾದ ಆಹಾರ ಕುಡಿದುಕೊಂಡು 30 ಪೌಂಡಿಗೂ ಹೆಚ್ಚು, ಅಂದ್ರೆ 13-14 ಕೆ.ಜಿ. ತೂಕ ಕಳೆದುಕೊಂಡರು. ಹಗಲೂ ರಾತ್ರಿ ತಲೆನೋವು. ಉಕ್ಕಿನಂಥ ಮನುಷ್ಯ ಸೊರಗಿ ಕಡ್ಡಿಯಾದರು. ಅದೇ ಕಾಲಕ್ಕೆ ಇನ್ನೊಬ್ಬ ಸ್ಟಾರ್ ರಾಕ್ ಹಡ್ಸನ್‌ಗೆ ಏಡ್ಸ್ ಅನ್ನೋ ಸುದ್ದಿ ಹೊರಬಿತ್ತು, 1985ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಗಾಸಿಪ್ ಮಂದಿಗೆ ಅಷ್ಟು ಸಾಕಲ್ಲ! ‘ನೋಡಿದ್ರಾ, ರೆನಾಲ್ಡ್ಸ್‌ಗೂ ಅದೇ’ ಅಂತ ಗುಲ್ಲೆಬ್ಬಿಸಿದರು. ದವಡೆ ನೋವು ಅಂತ ಪಾಪ ಅವರು ಎಷ್ಟು ಹೇಳಿದರೂ ನಂಬುವವರಿಲ್ಲ. ನೋವು ತಡೆಯೋಕೆ ಮಾತ್ರೆ, ನಿದ್ದೆಗೆ ಮಾತ್ರೆ... ಕೊನೆಗೆ ಮಾತ್ರೆಯೇ ಚಟವಾಗಿ, ಅದನ್ನ ಬಿಡಿಸಿಕೊಳ್ಳೋದೇ ಇನ್ನೊಂದು ಫೈಟಾಯಿತು. ಗಾಸಿಪ್ ಪುಟದಿಂದ ಹೊಟ್ಟೆ ಹೊರೆಯುವ ನಾನೇ ಹೇಳ್ತೀನಿ, ಆ ಎರಡು ವರ್ಷ ನಮ್ಮ ಜಾತಿಯವರು ಅಲ್ಲಿ ಮಾಡಿದ್ದು ಕುರ್ಚಿ ಏಟಿಗಿಂತ ಕಡಿಮೆ ಏನಲ್ಲ.

ಈ ವಾರ ಇದೆಲ್ಲ ಯಾಕೆ ನೆನಪಾಯಿತು ಅಂದ್ರೆ, ಒಂದು ಕಾಗದ ಬಂದಿದೆ. ಬರೆದವರು ಬೆಂಗಳೂರಿನ ಪೀಣ್ಯದ ಕಡೆ ಲೇತ್ ಮಷೀನಿನಲ್ಲಿ ಕೆಲಸ ಮಾಡುವ ಓದುಗರು, ವಯಸ್ಸು 26. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಪ್ರತಿ ವಾರ ಹೀರೋಯಿನ್ ಅಡ್ರೆಸ್ ಕೇಳುತ್ತಿದ್ದ ಪುಣ್ಯಾತ್ಮರು ಈ ಸಲ ಕೇಳಿರೋದೇ ಬೇರೆ.

ಅವರಿಗೆ ಬೆಳಿಗ್ಗೆ ಎದ್ದರೆ ಎರಡೂ ಕಪಾಲ ಸಿಡಿಯುತ್ತಂತೆ. ಮಧ್ಯಾಹ್ನದ ಹೊತ್ತಿಗೆ ಕತ್ತು ಮರಗಟ್ಟಿ ಹಿಂದೆ ತಿರುಗಿ ನೋಡೋಕೂ ಆಗಲ್ಲ. ಕಣ್ಣಿನ ದೋಷ ಅಂತ ಕನ್ನಡಕ ಹಾಕಿಸಿದ್ದಾಯಿತು. ಕಟಿಂಗ್ ಶಾಪಿನಲ್ಲಿ ಲಟಕ್ ಅಂತ ಕತ್ತು ತಿರುಗಿಸಿಕೊಂಡದ್ದೂ ಆಯಿತು. (ಅದನ್ನ ಮಾತ್ರ ದಯವಿಟ್ಟು ಮಾಡಿಸಿಕೊಳ್ಳಬೇಡಿ ಸ್ವಾಮಿ. ಕತ್ತಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಇದೆ. ಅದಕ್ಕೆ ಪೆಟ್ಟಾದರೆ ಲಕ್ವ ಹೊಡೆದುಬಿಡಬಹುದು.) ಈಗ ಶರ್ಟ್ ಜೇಬಲ್ಲಿ ಮಾತ್ರೆ ಸ್ಟ್ರಿಪ್ ಇಲ್ಲದೆ ಡ್ಯೂಟಿಗೆ ಹೋಗಲ್ವಂತೆ. ರೂಮಿನ ಗೆಳೆಯ ಹೇಳಿದ್ದು: ‘ರಾತ್ರಿಯೆಲ್ಲ ಇಲಿ ಮರ ಕೊರೆದ ಹಾಗೆ ಹಲ್ಲು ಕಡೀತೀಯಲ್ಲೋ ಮಾರಾಯ!’ ಎರಡು ವರ್ಷದ ಹಿಂದೆ ಬಲಗಡೆ ಕೆಳಗಿನ ಒಂದು ದವಡೆ ಹಲ್ಲು ಕೀಳಿಸಿದ್ದಾರೆ, ಆ ಜಾಗಕ್ಕೆ ಏನೂ ಹಾಕಿಸಿಲ್ಲ. ಹಾಗಾಗಿ ಎಡಗಡೆಯಲ್ಲೇ ಅಗಿಯೋದು.

ಈಗ ಯಾವುದೋ ಒಂದು ಕ್ಲಿನಿಕ್‌ನವರು ‘ನಿಮ್ಮ ಬೈಟ್ ಸರಿ ಇಲ್ಲ, ಎಲ್ಲಾ ದವಡೆ ಹಲ್ಲನ್ನೂ ಉಜ್ಜಿ ಕ್ಯಾಪ್ ಹಾಕಬೇಕು’ ಅಂದಿದ್ದಾರಂತೆ. ಹೇಳಿದ ರೇಟು ಇವರ ಏಳು ತಿಂಗಳ ಸಂಬಳ. ಕಾಗದದ ಕೊನೇ ಸಾಲು: ‘ಬೈಕ್ ಮಾರಿ ಮಾಡಿಸಿಬಿಡ್ಲಾ ಸಾರ್?’

ನಾನು ಡಾಕ್ಟರ್ ಅಲ್ಲ. ಆದರೆ ನನ್ನ ಪರಿಚಯದವರೊಬ್ಬರು ಹಲ್ಲಿನ ಡಾಕ್ಟರು, ಅವರೂ ನಮ್ಮ ಹಾಗೆ ಫಸ್ಟ್ ಡೇ ಫಸ್ಟ್ ಶೋ ಗಿರಾಕಿ. ಕಾಗದ ಹಿಡಿದುಕೊಂಡು ಅವರ ಹತ್ತಿರ ಹೋಗಿ ಎರಡು ಸಂಜೆ ಕೂತು ಕೇಳಿಸಿಕೊಂಡು ಬಂದಿದ್ದೀನಿ.

ಮೊದಲು ಒಂದು ಕೆಲಸ ಮಾಡಿ. ಬಸ್ಸಿನಲ್ಲಿ ಕೂತು ಓದುತ್ತಿದ್ದರೂ ಪರವಾಗಿಲ್ಲ, ಪಕ್ಕದವರು ಏನಾದರೂ ಅಂದುಕೊಳ್ಳಲಿ. ಎರಡೂ ಕಿವಿಯ ಮುಂದೆ ಒಂದೊಂದು ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ. ಒಳಗೆ ಏನೋ ಓಡಾಡಿತಲ್ಲ? ಅದೇ ದವಡೆ ಕೀಲು. ಬಾಗಿಲ ಕೀಲಿನ ಹಾಗೆ ತಿರುಗೋದಷ್ಟೇ ಅಲ್ಲ, ಮೇಜಿನ ಡ್ರಾಯರ್ ಹಾಗೆ ಮುಂದಕ್ಕೂ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಿರಲಿ ಅಂತ ನಡುವೆ ನಲ್ಲಿಯ ವಾಷರ್ ಇದ್ದ ಹಾಗೆ ಒಂದು ಮೆತ್ತನೆ ಬಿಲ್ಲೆ. ಎಡಕ್ಕೊಂದು ಬಲಕ್ಕೊಂದು ಕೀಲು, ಆದರೆ ದವಡೆ ಮೂಳೆ ಒಂದೇ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು ಅನ್ನಿ. ಒಂದು ಕುಂಟಿದರೆ ಗಾಡಿಯೇ ಓರೆಯಾಗುತ್ತೆ.

ಈಗ ಬೆರಳನ್ನ ಕಪಾಲದ ಮೇಲಿಟ್ಟು ಹಲ್ಲು ಗಟ್ಟಿಯಾಗಿ ಕಚ್ಚಿ. ಉಬ್ಬಿತು ಅಲ್ವಾ? ಅಗಿಯೋ ಸ್ನಾಯು ಅದು, ಬೀಸಣಿಗೆ ಆಕಾರದಲ್ಲಿ ತಲೆಯ ಪಕ್ಕದವರೆಗೂ ಹರಡಿಕೊಂಡಿದೆ. ಕೆನ್ನೆಯಲ್ಲಿ ಇನ್ನೊಂದಿದೆ, ಅದು ಪೈಲ್ವಾನನ ಹಾಗೆ ಗಟ್ಟಿ. ಸುಮ್ಮನೆ ಕೂತಾಗ ನಮ್ಮ ಹಲ್ಲಿಗೆ ಹಲ್ಲು ತಾಗಿರಬಾರದಂತೆ. ತುಟಿ ಮುಚ್ಚಿರಬೇಕು, ಒಳಗೆ ಹಲ್ಲುಗಳ ನಡುವೆ ಸ್ವಲ್ಪ ಸಂದು ಇರಬೇಕು. ಅಗಿಯೋದು, ನುಂಗೋದು ಎಲ್ಲಾ ಸೇರಿಸಿದರೂ ಇಡೀ ದಿನದಲ್ಲಿ ಹಲ್ಲುಗಳು ಒಂದಕ್ಕೊಂದು ತಾಗಬೇಕಾದದ್ದು ಕೆಲವೇ ನಿಮಿಷ. ನಮ್ಮ ಪೀಣ್ಯದ ಗೆಳೆಯರು ರಾತ್ರಿಯೆಲ್ಲ ಗಂಟೆಗಟ್ಟಲೆ ಕಡಿಯುತ್ತಾರೆ. ನಿದ್ದೆಗಣ್ಣಲ್ಲೇ ಬಸ್ಕಿ ಹೊಡೆದ ಲೆಕ್ಕ! ಬೆಳಿಗ್ಗೆ ಕಪಾಲ ಸಿಡಿಯದೆ ಇನ್ನೇನು ಮಾಡೀತು?

ಅದು ಸರಿ, ಕತ್ತು ಯಾಕೆ ನೋಯಬೇಕು ಅಂತ ಕೇಳಿದೆ. ಡಾಕ್ಟರು ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನ ಕಥೆ ಹೇಳಿದರು. ಮುಖ ಮತ್ತು ದವಡೆಯಿಂದ ಬರುವ ನರ, ಕತ್ತಿನ ಮೇಲ್ಭಾಗದಿಂದ ಬರುವ ನರ, ಎರಡೂ ಮಿದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಹಾಗಾಗಿ ಕ್ರಾಸ್ ಕನೆಕ್ಷನ್! ದವಡೆಯವನು ಮಾಡಿದ ಟ್ರಂಕ್ ಕಾಲ್ ಕತ್ತಿನ ಮನೆಯಲ್ಲಿ ರಿಂಗಾಗುತ್ತೆ. ಕಿವಿ ನೋವು ಅಂತ ಹೋದರೆ ಕಿವಿಯಲ್ಲಿ ಏನೂ ಇರಲ್ಲ. ಇದು ಉಲ್ಟಾ ಕೂಡ ಆಗುತ್ತದೆ. ಇಡೀ ದಿನ ಕತ್ತು ಬಗ್ಗಿಸಿ ಮೊಬೈಲಿನಲ್ಲಿ ಟ್ರೇಲರ್ ನೋಡುವವನ ಕತ್ತಿನ ನೋವು ತಲೆಗೂ ದವಡೆಗೂ ಹತ್ತಬಹುದು. ಜೊತೆಗೆ ದವಡೆ ಬಿಗಿ ಹಿಡಿದವನು ಕತ್ತು, ಭುಜವನ್ನೂ ಬಿಗಿ ಹಿಡಿದಿರುತ್ತಾನೆ. ಪರೀಕ್ಷೆ ರಿಸಲ್ಟ್ ದಿನ ನಿಮ್ಮನ್ನ ನೀವೇ ಗಮನಿಸಿಕೊಳ್ಳಿ.

ಇನ್ನು ಬೈಟ್ ವಿಷಯ. ಅದೇನೂ ಸುಳ್ಳಲ್ಲ. ಒಂದು ದವಡೆ ಹಲ್ಲು ಕಿತ್ತು ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ಆ ಕಡೆ ವಾಲುತ್ತೆ. ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತೆ, ಬಸ್ಸಿನಲ್ಲಿ ಸೀಟು ಖಾಲಿಯಾದ ಕೂಡಲೇ ಎಲ್ಲರೂ ಸರಿದ ಹಾಗೆ. ಆಗ ಮೇಲಿನದೂ ಕೆಳಗಿನದೂ ಮೊದಲಿನಂತೆ ಕೂರಲ್ಲ. ಹೊಸದಾಗಿ ತುಂಬಿಸಿದ ಸಿಮೆಂಟು ಒಂದು ಕೂದಲೆಳೆ ಎತ್ತರ ಇದ್ದರೂ ಕಲ್ಲು ಸಿಕ್ಕಿದ ಹಾಗೆ ಆಗಿ ಆ ಹಲ್ಲು, ಆ ಕಡೆಯ ಸ್ನಾಯು ನೋಯಬಹುದು. ಅಂಥದ್ದಾದರೆ ಹಾಕಿದವರ ಹತ್ತಿರವೇ ವಾಪಸ್ ಹೋಗಿ ‘ಎತ್ತರ ಆಗಿದೆ’ ಅನ್ನಿ. ಎರಡು ನಿಮಿಷದ ಕೆಲಸ, ನಾಚಿಕೊಳ್ಳಬೇಡಿ.

ಆದರೆ ಎಲ್ಲಾ ತಲೆನೋವಿಗೂ ಓರೆ ಹಲ್ಲೇ ವಿಲನ್ ಅನ್ನೋ ಕಥೆ ಇದೆಯಲ್ಲ, ಅದು ಹಳೇ ಸ್ಕ್ರಿಪ್ಟು. ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ ಬರೆದದ್ದು. ಹಿಂದಿನ ಹಲ್ಲು ಹೋದವರಲ್ಲಿ ದವಡೆ ಹೆಚ್ಚು ಮುಚ್ಚಿಕೊಂಡು ಕೀಲು ಒತ್ತುತ್ತದೆ, ಅದರಿಂದಲೇ ಕಿವಿ ನೋವು, ತಲೆನೋವು ಅಂತ ಅವರು ಹೇಳಿದರು. ಅವರ ಹೆಸರಲ್ಲೇ ಕಾಯಿಲೆಗೂ ಹೆಸರು ಬಂತು. ಮುಂದೆ ಎಷ್ಟೋ ವರ್ಷ ಡಾಕ್ಟರುಗಳು ಬೈಟ್ ಸರಿ ಮಾಡೋದೇ ಮದ್ದು ಅಂತ ಹಲ್ಲು ಉಜ್ಜಿದ್ದೇ ಉಜ್ಜಿದ್ದು. 1980ರ ದಶಕದಲ್ಲಿ ಆ ಬಿಲ್ಲೆಯ ಜಾಗಕ್ಕೆ ಟೆಫ್ಲಾನ್ ತುಂಡು ಕೂರಿಸೋ ಆಪರೇಷನ್ನೂ ಅಲ್ಲಿ ಜೋರಾಗಿತ್ತು. ಅದು ಒಳಗೇ ಪುಡಿಯಾಗಿ ಮೂಳೆಯನ್ನೇ ತಿಂದುಹಾಕಿತು. ನೋವು ಹೋಗಲಿ ಅಂತ ಮಾಡಿಸಿಕೊಂಡವರ ದವಡೆಯೇ ಹೋಯಿತು. 1990ರ ಸುಮಾರಿಗೆ ಅಲ್ಲಿನ ಸರ್ಕಾರ ನಡುವೆ ಬಂದು ನಿಲ್ಲಿಸಬೇಕಾಯಿತು.

ಆಮೇಲೆ ಸಾವಿರಾರು ಜನರನ್ನ ಕೂರಿಸಿ ನೋಡಿದರು. ಹಲ್ಲು ಓರೆಕೋರೆ ಇರುವ ಎಷ್ಟೋ ಮಂದಿಗೆ ನೋವೇ ಇಲ್ಲ! ಮುತ್ತು ಪೋಣಿಸಿದ ಹಾಗೆ ಹಲ್ಲಿರುವವರು ನೋವಿನಿಂದ ಒದ್ದಾಡುತ್ತಿದ್ದಾರೆ. ಈಗಿನ ತಿಳಿವಳಿಕೆ ಇಷ್ಟು: ಬೈಟ್ ಸಣ್ಣ ಪಾತ್ರಧಾರಿ. ಕೆಲವರಲ್ಲಿ ಅದರ ಕೈವಾಡ ಇರುತ್ತದೆ, ಬಹಳ ಜನರಲ್ಲಿ ಇರೋದಿಲ್ಲ. ಹೆಚ್ಚು ಕೆಲಸ ಕೆಡಿಸುವವರು ಬೇರೆ. ಹಲ್ಲು ಕಚ್ಚಿ ಹಿಡಿಯೋ ಅಭ್ಯಾಸ, ಟೆನ್ಷನ್, ನಿದ್ದೆಗೇಡು, ದವಡೆಗೆ ಬಿದ್ದ ಪೆಟ್ಟು, ಮೈಯಲ್ಲೇ ಇರುವ ನೋವಿನ ಸ್ವಭಾವ. ಇವು ಒಬ್ಬಬ್ಬರಾಗಿ ಬರಲ್ಲ, ಗ್ಯಾಂಗ್ ಕಟ್ಟಿಕೊಂಡು ಬರುತ್ತವೆ. ನಮ್ಮ ಸಿನಿಮಾದಲ್ಲೂ ಮೊದಲ ರೀಲಿನಲ್ಲೇ ಸಿಕ್ಕಿಬೀಳುವವನು ಕೊಲೆಗಾರ ಆಗಿರ್ತಾನಾ ಹೇಳಿ?

ಅದಕ್ಕೇ ಪೀಣ್ಯದ ಗೆಳೆಯರೇ, ಬೈಕ್ ಮಾರಬೇಡಿ. ಕೂದಲು ಕತ್ತರಿಸಿದರೆ ಬೆಳೆಯುತ್ತೆ, ಉಜ್ಜಿದ ಹಲ್ಲು ಬೆಳೆಯಲ್ಲ. ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸ ಮೊದಲೇ ಮಾಡಿಸಬಾರದು ಅನ್ನೋದು ಈಗ ಈ ವಿದ್ಯೆ ಬಲ್ಲವರೆಲ್ಲ ಒಪ್ಪುವ ಮಾತು. ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಅಲ್ಲಿಗೆ ಹೋಗಿ ಎರಡನೇ ಅಭಿಪ್ರಾಯ ಕೇಳಿ. ಬೇರೆ ಊರಿನವರಿಗೆ ಮಣಿಪಾಲ, ಮಂಗಳೂರು, ಧಾರವಾಡ, ದಾವಣಗೆರೆಯಲ್ಲೂ ಹಲ್ಲಿನ ಕಾಲೇಜುಗಳಿವೆ. ಕ್ಯೂ ಇರುತ್ತೆ, ಕಲಿಯುವ ಹುಡುಗರು ಹತ್ತು ಸಲ ಬಾಯಿ ತೆರೆಸುತ್ತಾರೆ, ಇರಲಿ. ಖಾಲಿ ಬಿದ್ದಿರುವ ಆ ಒಂದು ಹಲ್ಲಿನ ಜಾಗಕ್ಕೆ ಏನು ಮಾಡಬೇಕು ಅಂತಲೂ ಅಲ್ಲೇ ಕೇಳಿ. ಅದು ಬೇರೆ ಕೆಲಸ, ಅದನ್ನ ಮಾಡಿಸೋದು ಒಳ್ಳೆಯದೇ.

ರಾತ್ರಿ ಹಲ್ಲು ಕಡಿಯುವವರಿಗೆ ಅಳತೆ ತೆಗೆದು ಪ್ಲಾಸ್ಟಿಕ್ಕಿನಂಥ ಗಟ್ಟಿ ತಟ್ಟೆ ಮಾಡಿಕೊಡುತ್ತಾರೆ, ಸ್ಪ್ಲಿಂಟ್ ಅಂತಾರೆ. ಮಲಗುವಾಗ ಹಾಕಿಕೊಳ್ಳೋದು, ಬೆಳಿಗ್ಗೆ ತೆಗೆಯೋದು. ಕಡಿಯೋದನ್ನ ನಿಲ್ಲಿಸುತ್ತೆ ಅಂತೇನಿಲ್ಲ, ಹಲ್ಲು ಸವೆಯೋದನ್ನ ತಡೆಯುತ್ತೆ, ಕೆಲವರಿಗೆ ನೋವೂ ಕಡಿಮೆಯಾಗುತ್ತೆ. ಬಾಯಲ್ಲಿ ತಟ್ಟೆ ಇಟ್ಟುಕೊಂಡು ಮಲಗೋದಾ ಅಂತ ಮುಖ ಸಿಂಡರಿಸಬೇಡಿ. 1972ರ ‘ಗಾಡ್‌ಫಾದರ್’ನಲ್ಲಿ ಮಾರ್ಲನ್ ಬ್ರಾಂಡೊ ಆ ಇಳಿಬಿದ್ದ ಕೆನ್ನೆಗಾಗಿ ಹಲ್ಲಿನ ಡಾಕ್ಟರಿಂದ ಮಾಡಿಸಿದ ಸಾಧನವನ್ನ ಬಾಯೊಳಗೆ ಸಿಕ್ಕಿಸಿಕೊಂಡೇ ಇಡೀ ಪಿಕ್ಚರ್ ಮಾತಾಡಿದ್ದು. ಅದು ಈಗ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿದೆ! ಡಾನ್‌ಗೇ ಇಲ್ಲದ ನಾಚಿಕೆ ನಮಗ್ಯಾಕೆ?

ಅಷ್ಟರ ತನಕ ಮನೆಯಲ್ಲಿ ಮಾಡುವ ಕೆಲಸ ಸುಲಭ. ಬಿಸಿನೀರಿನ ಬಟ್ಟೆ ಹಿಂಡಿ ಕೆನ್ನೆ, ಕಪಾಲಕ್ಕೆ ಹತ್ತು ಹದಿನೈದು ನಿಮಿಷ ಶಾಖ. ನೋವು ಜೋರಿದ್ದ ದಿನ ಕೋಡುಬಳೆ, ಕಬ್ಬು, ಚ್ಯೂಯಿಂಗ್ ಗಮ್, ಮಟನ್ ಮೂಳೆ ಬೇಡ. ಅನ್ನ ಸಾರು, ಇಡ್ಲಿ ಸಾಕು. ಮುದ್ದೆಯಂತೂ ನುಂಗೋದೇ, ಅಗಿಯೋ ಗೋಜೇ ಇಲ್ಲ! ಮಷೀನಿನ ಮುಂದೆ ನಿಂತಾಗ ಗಂಟೆಗೊಂದು ಸಲ ನೆನಪು ಮಾಡಿಕೊಳ್ಳಿ: ತುಟಿ ಮುಚ್ಚು, ಹಲ್ಲು ಬಿಡು, ಭುಜ ಇಳಿಸು. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಕೊಡಿ. ಸೆಕೆಂಡ್ ಹಾಫ್ ಬೋರಾಗಿ ಬಾಯಿ ಪೂರ್ತಿ ತೆರೆದು, ಮುಚ್ಚೋಕಾಗದೆ ಆಸ್ಪತ್ರೆಗೆ ಓಡುವವರೂ ಇದ್ದಾರಂತೆ. (ಅಂಥ ಡೈರೆಕ್ಟರುಗಳ ಲಿಸ್ಟ್ ನನ್ನ ಹತ್ತಿರ ಇದೆ, ಈಗ ಬೇಡ.)

ಇನ್ನೊಂದು, ಜೇಬಿನಲ್ಲಿರುವ ಆ ಮಾತ್ರೆ. ತಿಂಗಳಲ್ಲಿ ಹತ್ತು ಹದಿನೈದು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗುತ್ತೆ. ನೋವಿಗೆ ಮಾತ್ರೆ, ಮಾತ್ರೆಗೆ ನೋವು, ಮುಗಿಯದ ರೀಲು. ರೆನಾಲ್ಡ್ಸ್‌ರಂಥ ಗಟ್ಟಿ ಕುಳವನ್ನೇ ಮಾತ್ರೆಗಳು ಮಲಗಿಸಿದ್ದವು. ಎಷ್ಟು ದಿನದಿಂದ, ಎಷ್ಟು ನುಂಗುತ್ತಿದ್ದೀರಿ ಅನ್ನೋದನ್ನ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಬರೀ ಟಕ್ ಟಕ್ ಸದ್ದು ಬರುತ್ತೆ, ನೋವಿಲ್ಲ ಅಂತ ಕೇಳುವವರು ಆರಾಮಾಗಿರಿ. ಅಂಥ ದವಡೆ ಬೇಕಾದಷ್ಟಿವೆ, ಅದಕ್ಕೆ ಚಿಕಿತ್ಸೆಯೂ ಬೇಡ. ಆದರೆ ನಿಮ್ಮದೇ ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಹೋಗುತ್ತಾ ನೋಡಿ. ಹೋಗದಿದ್ದರೆ, ಅದರಲ್ಲೂ ಗುಟ್ಕಾ, ಅಡಿಕೆ ಚಟ ಇದ್ದು ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಅದು ಈ ಕೀಲಿನ ತಂಟೆ ಆಗಿರಲಿಕ್ಕಿಲ್ಲ. ಕೆನ್ನೆಯ ಒಳಭಾಗವೇ ಹಗ್ಗದ ಹಾಗೆ ಬಿಗಿಯುವ ಕಾಯಿಲೆ, ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಈ ಪತ್ರಿಕೆ ನೇತುಹಾಕಿರುವ ಅಂಗಡಿಯಲ್ಲೇ ಆ ಪ್ಯಾಕೆಟ್ಟೂ ನೇತಾಡುತ್ತಿದ್ದರೆ, ಪತ್ರಿಕೆ ಮಾತ್ರ ತಗೊಳ್ಳಿ, ಆಸ್ಪತ್ರೆಗೆ ನಾಳೆಯೇ ಹೋಗಿ. ಮನೆಯಲ್ಲಿ ಅಪ್ಪನಿಗೆ ಮೆಟ್ಟಿಲು ಹತ್ತುವಾಗ ದವಡೆ, ಎಡತೋಳು ನೋವು, ಬೆವರು ಅಂದ್ರೆ ಅದು ಹಲ್ಲಲ್ಲ, ಹೃದಯ. ಸಿಡಿಲು ಬಡಿದ ಹಾಗೆ ಒಮ್ಮೆಗೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯೋದು, ಕೈಕಾಲು ಸೋಲೋದು... ಇವಕ್ಕೆಲ್ಲ ಶಾಖ ಕೊಡುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆ.

ರೆನಾಲ್ಡ್ಸ್ ಕಥೆ ಅರ್ಧಕ್ಕೇ ಬಿಟ್ಟೆ ಅಂತ ಬೈಯಬೇಡಿ. ಎದ್ದು ಬಂದರು. 1990ರಲ್ಲಿ ಶುರುವಾದ ‘ಈವ್ನಿಂಗ್ ಶೇಡ್’ ಅನ್ನೋ ಟೀವಿ ಸೀರಿಯಲ್ಲಿಗೆ ಮರುವರ್ಷ ಎಮ್ಮಿ ಪ್ರಶಸ್ತಿ ಬಂತು, 1997ರ ‘ಬೂಗಿ ನೈಟ್ಸ್’ಗೆ ಆಸ್ಕರ್ ನಾಮಕರಣವೂ ಆಯಿತು. 2018ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ 82 ವರ್ಷ. ಆದರೆ ನಂಬರ್ ಒನ್ ಪಟ್ಟ ಮತ್ತೆ ಬರಲಿಲ್ಲ. ಆ ಪಟ್ಟ ಹೋಗಿದ್ದಕ್ಕೆ ಕುರ್ಚಿಯೊಂದೇ ಕಾರಣ ಅಂತ ಹೇಳಿದರೆ ಅವರ ಆ ಕಾಲದ ಕೆಲವು ಪಿಕ್ಚರ್ ನೋಡಿದವರು ಒಪ್ಪಲ್ಲ, ನಾನೂ ಒಪ್ಪಲ್ಲ.

ಪೀಣ್ಯದವರೇ, ಕಾಲೇಜಿನಲ್ಲಿ ಏನಂದರು ಅಂತ ಒಂದು ಕಾರ್ಡ್ ಹಾಕಿ. ಹೀರೋಯಿನ್ ಅಡ್ರೆಸ್ ಮಾತ್ರ ಈ ಸಲವೂ ಇಲ್ಲ.